ತಲೆಸುತ್ತು: ಕಿವಿಯಿಂದ ಹೃದಯದವರೆಗೆ

ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಹಾಯಿಸಿ ನೋಡುತ್ತಿದ್ದರು. ತಣ್ಣೀರಿಗೆ ಕಣ್ಣುಗುಡ್ಡೆ ಒಂದು ಕಡೆ ಜಗ್ಗಾಡುತ್ತಿತ್ತು, ಬಿಸಿನೀರಿಗೆ ಎದುರು ಕಡೆ. ಜೊತೆಗೆ ತಲೆ ಗಿರ್ರೆಂದು ತಿರುಗುತ್ತಿತ್ತು. ಒಳಕಿವಿಯ ಸಮತೋಲದ ಅಂಗದ ಮೇಲಿನ ಈ ಕೆಲಸಕ್ಕೆ ಅವರಿಗೆ 1914ನೇ ಸಾಲಿನ ನೊಬೆಲ್ ಬಂತು. ಬಹುಮಾನ ಪ್ರಕಟವಾದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಈ ಪರೀಕ್ಷೆ ಇಂದಿಗೂ ಇದೆ. ನೀರು ಹೋಗುವುದು ಕಿವಿಗೆ. ಆದರೂ ಹೊಟ್ಟೆ ತೊಳಸುತ್ತದೆ, ಮುಖ ಬಿಳಿಚುತ್ತದೆ, ಮೈ ಬೆವರುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ಆಗುವುದೂ ಇದೇ. ಕಿವಿಯ ಸುದ್ದಿ ಬಂದು ಸೇರುವ ಮಿದುಳಕಾಂಡದಲ್ಲೇ ಹೃದಯಬಡಿತ, ರಕ್ತನಾಳಗಳ ಬಿಗಿತ, ವಾಂತಿ ಇವನ್ನೆಲ್ಲ ನಡೆಸುವ ಕೇಂದ್ರಗಳೂ ಇವೆ. ನಮ್ಮ ಅಪ್ಪಣೆಗೆ ಕಾಯದೆ ಮೈಯನ್ನು ನಡೆಸುವ ಸ್ವಾಯತ್ತ ನರಮಂಡಲ ಕಿವಿಯ ಮಾತು ಕೇಳುವುದು ಅಲ್ಲಿ.

ಏಕೆ ಕೇಳಬೇಕು? ಮಲಗಿದವರು ಎದ್ದು ನಿಂತರೆ ಸುಮಾರು ಅರ್ಧ ಲೀಟರ್ ರಕ್ತ ಕೆಳಕ್ಕೆ ಜಾರುತ್ತದೆ. ಒತ್ತಡ ಇಳಿದದ್ದನ್ನು ಕತ್ತಿನ ರಕ್ತನಾಳಗಳು ಪತ್ತೆಹಚ್ಚುತ್ತವೆ. ತಲೆ ಮೇಲೆದ್ದ ಸುದ್ದಿ ಒಳಕಿವಿಗೆ ಅದಕ್ಕೂ ಮೊದಲೇ ಗೊತ್ತು. ನಾಳಗಳು ಬಿಗಿಯಾಗಲು ಅದು ನೆರವಾಗುತ್ತದೆ. ಪ್ರಯೋಗವೊಂದರಲ್ಲಿ ಎರಡೂ ಕಿವಿಯ ಸಮತೋಲದ ನರ ಕತ್ತರಿಸಿದ ಬೆಕ್ಕುಗಳನ್ನು ತಲೆ ಮೇಲಾಗುವಂತೆ ವಾಲಿಸಿದಾಗ ರಕ್ತದೊತ್ತಡ ಕುಸಿಯಿತು. ಕೆಲವೇ ದಿನಗಳಲ್ಲಿ ಉಳಿದ ನರಗಳು ಆ ಕೊರತೆ ತುಂಬಿಕೊಂಡವು. ದೇಹದ ಈ ಜಾಣ್ಮೆಗೆ ನಾನು ಇಂದಿಗೂ ಬೆರಗಾಗುತ್ತೇನೆ.

ನಮ್ಮಲ್ಲಿ ಮಾತ್ರ ತಲೆಸುತ್ತು, ಹೊಟ್ಟೆ ತೊಳಸುವುದು ಎಲ್ಲಕ್ಕೂ ಪಿತ್ತ ಎಂಬ ಒಂದೇ ಹೆಸರು, ಒಂದೇ ಮಾತ್ರೆ. ಎದೆ ಡವಡವ ಎಂದರೆ "ಸುಮ್ಮನೆ ಗಾಬರಿ ಕಣಮ್ಮ" ಎಂದು ಹೆಂಗಸರನ್ನು ಮನೆಗೆ ಕಳಿಸುವುದೂ ಉಂಟು. ಅದು ಅನ್ಯಾಯ. ಗಾಬರಿಯನ್ನು ಹುಟ್ಟಿಸುವ ನರಜಾಲಕ್ಕೂ ಒಳಕಿವಿಗೂ ನಂಟಿದೆ. ಮಗ್ಗುಲು ಬದಲಿಸಿದಾಗ ಕ್ಷಣಕಾಲ ಕೋಣೆಯೇ ತಿರುಗಿದರೆ ಹೆಚ್ಚಾಗಿ ಒಳಕಿವಿಯ ಕ್ಯಾಲ್ಸಿಯಂ ಹರಳು ಜಾಗ ತಪ್ಪಿರುತ್ತದೆ. ತಿಳಿದ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಪಡಿಸುತ್ತಾರೆ. ನಿಂತಾಗ ಕಣ್ಣು ಕತ್ತಲೆಯಾದರೆ ಮಲಗಿದ್ದಾಗ ಒಮ್ಮೆ, ನಿಂತ 3 ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಸಕ್ಕರೆ ಕಾಯಿಲೆಯಿಂದ ಸೊರಗಿದ ಸ್ವಾಯತ್ತ ನರಗಳೋ, ನುಂಗುತ್ತಿರುವ ಬಿ.ಪಿ. ಮಾತ್ರೆಯೋ ಕಾರಣವಿರಬಹುದು. ನಿಂತಾಗಲೂ ಬಿ.ಪಿ. ನೋಡಿ ಎಂದು ವೈದ್ಯರನ್ನು ನೀವೇ ಕೇಳಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಮಾತ್ರೆ ನುಂಗಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.