ಬೆಂಕಿ ಮೊದಲು, ಬಾಕಿ ಆಮೇಲೆ



2010ರ ಸೆಪ್ಟೆಂಬರ್ 29ರಂದು ಅಮೆರಿಕದ ಟೆನೆಸೀ ರಾಜ್ಯದ ಒಬಾಯನ್ ಕೌಂಟಿಯಲ್ಲಿ ಒಂದು ಮನೆ ಸುಟ್ಟು ಬೂದಿಯಾಯಿತು. ಅಂಗಳದ ಪೀಪಾಯಿಯಲ್ಲಿ ಕಸ ಸುಡುತ್ತಿದ್ದಾಗ ಬೆಂಕಿ ಕೈಮೀರಿ ಮನೆಗೆ ಹರಡಿತು. ಮನೆಯವರು ಸಮೀಪದ ಸೌತ್ ಫುಲ್ಟನ್ ನಗರದ ಅಗ್ನಿಶಾಮಕ ದಳಕ್ಕೆ ಕರೆ ಮಾಡಿದರು. ಬರಲಾಗದು ಎಂಬ ಉತ್ತರ ಬಂತು. ನಗರದ ಎಲ್ಲೆಯ ಹೊರಗಿದ್ದ ಹಳ್ಳಿಯವರು ಅಗ್ನಿಶಾಮಕ ಸೇವೆಗಾಗಿ ವರ್ಷಕ್ಕೆ 75 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 3,400 ರೂಪಾಯಿ, ಶುಲ್ಕ ಕಟ್ಟಬೇಕಿತ್ತು. ಆ ವರ್ಷ ಆ ಮನೆಯವರು ಕಟ್ಟಿರಲಿಲ್ಲ.

ಬೆಂಕಿ ಪಕ್ಕದ ಹೊಲಕ್ಕೆ ಹಬ್ಬಿದಾಗ ದಳ ಬಂತು, ಏಕೆಂದರೆ ಆ ಹೊಲದ ಒಡೆಯ ಶುಲ್ಕ ಕಟ್ಟಿದ್ದ. ಹೊಲದ ಬೆಂಕಿಯನ್ನು ನಂದಿಸಿದರು; ಮನೆಯ ಬೆಂಕಿಯನ್ನು ನೋಡುತ್ತ ನಿಂತರು. ಎಷ್ಟು ಖರ್ಚಾದರೂ ಕೊಡುವುದಾಗಿ ಮನೆಯೊಡೆಯ ಹೇಳಿದರೂ ಒಪ್ಪಲಿಲ್ಲ. ಮನುಷ್ಯರಿಗೆ ಅಪಾಯವಾಗಲಿಲ್ಲ. ಮೂರು ನಾಯಿಗಳೂ ಒಂದು ಬೆಕ್ಕೂ ಸತ್ತವು. ಮರುವರ್ಷ ಅದೇ ಪ್ರದೇಶದಲ್ಲಿ ಇನ್ನೊಂದು ಮನೆ ಇದೇ ರೀತಿ ಉರಿದುಹೋಯಿತು.

ಈ ಸುದ್ದಿ ಕೇಳಿದ ಕೂಡಲೇ ಕ್ರೌರ್ಯವೆಂದು ತೀರ್ಪು ಕೊಡುವುದು ಸುಲಭ. ಆದರೆ ಅನೇಕಾಂತದ ಅಭ್ಯಾಸವುಳ್ಳವರು ಎದುರು ಪಕ್ಷದ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಡಬಾರದು. ನಗರದ ವಾದ ಹುರುಳಿಲ್ಲದ್ದಲ್ಲ. ಅಗ್ನಿಶಾಮಕ ವಾಹನ, ಸಿಬ್ಬಂದಿ, ತರಬೇತಿ ಎಲ್ಲವೂ ನಗರದ ತೆರಿಗೆದಾರರ ಹಣದಿಂದ ನಡೆಯುತ್ತಿದ್ದವು. ಹಳ್ಳಿಯವರು ಆ ತೆರಿಗೆ ಕೊಡುತ್ತಿರಲಿಲ್ಲ; ಕೌಂಟಿಯು ತನ್ನದೇ ದಳವನ್ನು ಕಟ್ಟಿರಲಿಲ್ಲ. ಬೆಂಕಿ ಬಿದ್ದ ದಿನವೇ 75 ಡಾಲರ್ ಕೊಟ್ಟರೆ ಸಾಕು ಎಂದಾದರೆ ಬೆಂಕಿ ಬೀಳದ ವರ್ಷ ಯಾರು ತಾನೇ ಕಟ್ಟುತ್ತಾರೆ? ಯಾರೂ ಕಟ್ಟದಿದ್ದರೆ ದಳವೇ ಉಳಿಯದು. ಆಗ ಕಟ್ಟಿದವನ ಮನೆಯೂ ಉರಿಯುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಕನ್ನಡದ ಗಾದೆಯೂ ಮೇಲುನೋಟಕ್ಕೆ ನಗರದ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಹೀಗಿದ್ದೂ ವಾದ ಎಡವುವುದು ಎಲ್ಲಿ? ಗಾದೆಯು ಮುಂಚಿತವಾಗಿ ಬಾವಿ ತೋಡದವನ ಅವಿವೇಕವನ್ನು ಹಳಿಯುತ್ತದೆ. ಆದರೆ ತುಂಬಿದ ಬಾವಿ ಎದುರಿಗಿರುವಾಗ, ತೋಡಲು ಪಾಲು ಕೊಡದವನ ಮನೆ ಉರಿಯುತ್ತಿದ್ದರೆ ಹಗ್ಗವನ್ನು ಮೇಲೆಳೆದು ನಿಲ್ಲಿ ಎಂದು ಗಾದೆ ಹೇಳುವುದಿಲ್ಲ. ಒಬಾಯನ್‌ನಲ್ಲಿ ಬಾವಿ ಇತ್ತು. ವಾಹನ ಬಂದಿತ್ತು, ನೀರು ಇತ್ತು, ಸಿಬ್ಬಂದಿ ಸ್ಥಳದಲ್ಲೇ ನಿಂತಿದ್ದರು. ಅಲ್ಲಿಯವರೆಗಿನ ಖರ್ಚೆಲ್ಲ ಆಗಿಹೋಗಿತ್ತು. ಉಳಿದದ್ದು ಕೊಳವೆಯನ್ನು ಇತ್ತ ತಿರುಗಿಸುವುದಷ್ಟೇ. ಅದನ್ನೂ ಮಾಡದಿದ್ದುದರಿಂದ ನಗರಕ್ಕೆ ದೊಡ್ಡ ಉಳಿತಾಯವೇನೂ ಆಗಲಿಲ್ಲ. ಇತರರಿಗೆ ಒಂದು ಪಾಠವಾಯಿತು. ಪಾಠ ಕಲಿಸುವುದಕ್ಕಾಗಿ ಒಬ್ಬನ ಮನೆಯನ್ನು ಉರಿಯಬಿಡಬಹುದೇ ಎಂಬುದೇ ನಿಜವಾದ ಪ್ರಶ್ನೆ.

ಆ ಪಾಠವನ್ನು ಬೇರೆ ದಾರಿಯಲ್ಲಿ ಕಲಿಸಲು ಸಾಧ್ಯವಿತ್ತು. ಮೊದಲು ಬೆಂಕಿ ನಂದಿಸಿ, ಬಳಿಕ ಇಡೀ ಕಾರ್ಯಾಚರಣೆಯ ವೆಚ್ಚವನ್ನು, ಅದರ ಮೇಲೆ ದಂಡವನ್ನು ಸೇರಿಸಿ ವಸೂಲು ಮಾಡಬಹುದಿತ್ತು. 75 ಡಾಲರ್ ಉಳಿಸಲು ಹೋದವನ ಮೇಲೆ ಸಾವಿರಾರು ಡಾಲರ್ ಸಾಲ ಬಿದ್ದರೆ ಮರುವರ್ಷ ಊರಿಗೆ ಊರೇ ಶುಲ್ಕ ಕಟ್ಟುತ್ತದೆ. ಕಡೆಗೆ ಸೌತ್ ಫುಲ್ಟನ್ ನಗರವೂ ಈ ದಾರಿಗೇ ಬಂತು. ಶುಲ್ಕ ಕಟ್ಟದವರ ಕರೆಗೂ ಹೋಗುವುದು, ಆದರೆ ಅಂಥ ಕರೆಗೆ 3,500 ಡಾಲರ್ ವಿಧಿಸುವುದು ಎಂದು ನಿಯಮವನ್ನು ಬದಲಿಸಿತು. ಅದೇ ನಿಯಮ ಎರಡು ವರ್ಷ ಮೊದಲೇ ಇದ್ದಿದ್ದರೆ ಎರಡು ಮನೆಗಳು ಉಳಿಯುತ್ತಿದ್ದವು. ನಗರದ ಬೊಕ್ಕಸಕ್ಕೂ ನಷ್ಟವಾಗುತ್ತಿರಲಿಲ್ಲ.

ಇದನ್ನು ವಿಮೆಗೆ ಹೋಲಿಸುವವರುಂಟು. ಕಂತು ಕಟ್ಟದವನಿಗೆ ವಿಮಾ ಕಂಪನಿ ಪರಿಹಾರ ಕೊಡುತ್ತದೆಯೇ ಎಂದು ಕೇಳುತ್ತಾರೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ. ವಿಮೆ ಆಗಿಹೋದ ನಷ್ಟವನ್ನು ಹಂಚಿಕೊಳ್ಳುವ ಏರ್ಪಾಡು. ಅಗ್ನಿಶಾಮಕ ಸೇವೆ ಆಗುತ್ತಿರುವ ನಷ್ಟವನ್ನು ತಡೆಯುವ ಕಾರ್ಯ. ಒಬ್ಬನ ಸುಟ್ಟ ಮನೆಗೆ ಪರಿಹಾರ ಸಿಗದಿದ್ದರೆ ನೆರೆಯವನ ಗೋಡೆ ಕಪ್ಪಾಗುವುದಿಲ್ಲ. ಒಬ್ಬನ ಉರಿಯುವ ಮನೆಯನ್ನು ಹಾಗೆಯೇ ಬಿಟ್ಟರೆ ಇಡೀ ಕೇರಿಗೆ ಅಪಾಯ. ಬೆಂಕಿ ರಸೀದಿ ನೋಡುವುದಿಲ್ಲ.

ಈ ಸತ್ಯವನ್ನು ಹಳೆಯ ನಗರಗಳು ಬಹಳ ಬೆಲೆ ತೆತ್ತು ಕಲಿತವು. ರೋಮ್‌ನ ಧನಿಕ ಕ್ರಾಸಸ್ ಉರಿಯುವ ಮನೆಗಳನ್ನೂ ಅವುಗಳ ಸುತ್ತಲಿನ ಮನೆಗಳನ್ನೂ ಒಡೆಯರ ಭಯದ ಲಾಭ ಪಡೆದು ಅಗ್ಗದ ಬೆಲೆಗೆ ಕೊಳ್ಳುತ್ತಿದ್ದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕ್ರಿ.ಶ. 6ರಲ್ಲಿ ಅಗಸ್ಟಸ್ ಚಕ್ರವರ್ತಿ ನಗರಕ್ಕೆಲ್ಲ ಒಂದೇ ಕಾವಲು ಪಡೆಯನ್ನು ಕಟ್ಟಿದ. 1666ರ ಮಹಾ ಅಗ್ನಿದುರಂತದ ನಂತರ ಲಂಡನ್‌ನಲ್ಲಿ ಅಗ್ನಿ ವಿಮಾ ಕಂಪನಿಗಳು ಹುಟ್ಟಿ, ತಮ್ಮ ಗ್ರಾಹಕರ ಮನೆಗಳಿಗೆ ಲೋಹದ ಫಲಕ ಹೊಡೆಸಿ, ತಮ್ಮದೇ ದಳಗಳನ್ನು ಇಟ್ಟುಕೊಂಡವು. ಫಲಕವಿಲ್ಲದ ಮನೆಯನ್ನು ಆ ದಳಗಳು ಉರಿಯಲು ಬಿಡುತ್ತಿದ್ದವೆಂಬ ಕಥೆ ಜನಪ್ರಿಯ. ಇತಿಹಾಸಕಾರರು ಅದನ್ನು ಸುಲಭವಾಗಿ ನಂಬುವುದಿಲ್ಲ. ಫಲಕವಿಲ್ಲದ ಮನೆಯ ಬೆಂಕಿ ಫಲಕವಿರುವ ಮನೆಗೆ ದಾಟಲು ಎಷ್ಟು ಹೊತ್ತು? 1833ರಲ್ಲಿ ಕಂಪನಿಗಳು ತಮ್ಮ ದಳಗಳನ್ನು ಒಂದುಗೂಡಿಸಿದವು. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಪ್ರಾಣ ತೆತ್ತ. ಈ ಹೊರೆ ತಮ್ಮಿಂದಾಗದೆಂದು ಕಂಪನಿಗಳು ಕೈಚೆಲ್ಲಿದವು. 1865ರ ಕಾಯಿದೆಯ ಮೂಲಕ ಲಂಡನ್‌ನ ಅಗ್ನಿಶಾಮಕ ದಳ ಸಾರ್ವಜನಿಕ ಸೇವೆಯಾಯಿತು.

ಭಾರತದಲ್ಲಿ ಈ ಪ್ರಶ್ನೆಗೆ ತಾತ್ತ್ವಿಕವಾಗಿ ಉತ್ತರ ಸಿಕ್ಕಿದೆ. ಸಂವಿಧಾನದ 12ನೇ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕಾರ್ಯಗಳಲ್ಲಿ ಸೇರಿಸಿದೆ. 101ಕ್ಕೆ ಕರೆ ಮಾಡಿದವನ ಬಳಿ ಚಂದಾ ರಸೀದಿ ಕೇಳುವ ಪದ್ಧತಿ ಇಲ್ಲಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡಾಗ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಮಡಿದರು. ದೇಶದಾದ್ಯಂತ ಪ್ರತಿವರ್ಷ ಅಂದಿನಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗೆ. ಯಾರ ಸರಕು, ಯಾರ ಗೋದಾಮು ಎಂದು ಲೆಕ್ಕ ಹಾಕಿ ಅವರು ಬೆಂಕಿಯೆದುರು ನಿಂತವರಲ್ಲ.

ಆದರೆ ಕೇಳದೆ ದೊರೆಯುವ ಸೇವೆ ಪುಕ್ಕಟೆ ದೊರೆಯುವ ಸೇವೆಯಲ್ಲ. ಅದರ ಬೆಲೆಯನ್ನು ತೆರಿಗೆಯ ರೂಪದಲ್ಲಿ ಎಲ್ಲರೂ ಕೊಡಬೇಕು. ಕರ್ತವ್ಯದ ರೂಪದಲ್ಲಿಯೂ ಕೊಡಬೇಕು. ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯಿದೆಯ ಪ್ರಕಾರ ಕಟ್ಟಡದಲ್ಲಿನ ಅಗ್ನಿಶಾಮಕ ಸಲಕರಣೆಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಸಲ್ಲಿಸಬೇಕು. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಸಭಿಕರು ತಮ್ಮ ಸೊಸೈಟಿಯ ಕಳೆದ ಪ್ರಮಾಣಪತ್ರ ಯಾವ ತಿಂಗಳಿನದೆಂದು ಮನೆಗೆ ಹೋಗಿ ವಿಚಾರಿಸಲಿ. ಮೆಟ್ಟಿಲಿನಲ್ಲಿ ಹಳೆಯ ಬೀರು, ಗಲ್ಲಿಯ ತಿರುವಿನಲ್ಲಿ ಅಡ್ಡ ನಿಲ್ಲಿಸಿದ ಕಾರು, ನೀರು ಬಾರದ ಕೊಳವೆ: ಇವೂ ಕಟ್ಟದೆ ಉಳಿಸಿಕೊಂಡ ಶುಲ್ಕಗಳೇ.

ಸೊಸೈಟಿಯ ನಿರ್ವಹಣಾ ಶುಲ್ಕ ಬಾಕಿ ಇಟ್ಟವರ ಮಾತೂ ಇಲ್ಲಿ ಬರುತ್ತದೆ. ಬಾಕಿಗೆ ಬಡ್ಡಿ ಹಾಕಬಹುದು, ಸಹಕಾರ ಇಲಾಖೆಯ ರಿಜಿಸ್ಟ್ರಾರರ ಮೂಲಕ ವಸೂಲು ಮಾಡಬಹುದು. ಅದೆಲ್ಲ ನ್ಯಾಯ. ಆದರೆ ಬಾಕಿದಾರನ ಅಡುಗೆಮನೆಯಲ್ಲಿ ಸಿಲಿಂಡರ್ ಹೊತ್ತಿಕೊಂಡ ಗಳಿಗೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವವರಾರು? ಲೆಕ್ಕಕ್ಕೆ ಒಂದು ಹೊತ್ತು, ರಕ್ಷಣೆಗೆ ಒಂದು ಹೊತ್ತು. ಎರಡನ್ನೂ ಬೆರೆಸಿದ್ದೇ ಒಬಾಯನ್‌ನ ತಪ್ಪು. ಆ ತಪ್ಪಿನ ಹೊಣೆ ಆಜ್ಞೆಯನ್ನು ಪಾಲಿಸಿದ ಸಿಬ್ಬಂದಿಗಿಂತ ಅಂಥ ನಿಯಮ ಮಾಡಿದ ಆಡಳಿತದ್ದೇ ಹೆಚ್ಚು.

ಧರ್ಮಬಂಧುಗಳೇ, ಈ ವಿವೇಚನೆ ಜೈನ ಪರಂಪರೆಗೆ ಹೊಸದಲ್ಲ. ಆಚಾರ್ಯ ಜಿನಸೇನರು ಆದಿಪುರಾಣದಲ್ಲಿ ಕೊಡುವಿಕೆಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪಾತ್ರದತ್ತಿಯಲ್ಲಿ ಪಡೆಯುವವರ ಯೋಗ್ಯತೆಯನ್ನು ನೋಡಬೇಕು. ಸಮದತ್ತಿಯಲ್ಲಿ ಸಮಾನಧರ್ಮವನ್ನು ನೋಡಬೇಕು. ಅನ್ವಯದತ್ತಿಯಲ್ಲಿ ವಂಶವನ್ನು ನೋಡಬೇಕು. ದಯಾದತ್ತಿಯಲ್ಲಿ ನೋಡಬೇಕಾದದ್ದು ಒಂದೇ: ಎದುರಿಗಿರುವ ಜೀವ ಭಯದಲ್ಲಿದೆಯೇ? ಇದ್ದರೆ ಅಭಯ ಕೊಡಬೇಕು. ಆ ಮನೆಯೊಳಗೆ ಸತ್ತ ಮೂರು ನಾಯಿಗಳೂ ಒಂದು ಬೆಕ್ಕೂ ಯಾವ ಚಂದಾ ಬಾಕಿ ಇಟ್ಟಿದ್ದವು?

ಹೊರನಾಡಿನ ಸಮಾಜಗಳಲ್ಲಿ ವೈದ್ಯಕೀಯ ನಿಧಿ, ವಿದ್ಯಾರ್ಥಿ ನಿಧಿ, ಆಪತ್ಕಾಲದ ನಿಧಿಗಳಿರುತ್ತವೆ. ಅಲ್ಲಿಯೂ ಒಮ್ಮೊಮ್ಮೆ ಸದಸ್ಯತ್ವದ ರಸೀದಿ ಮೊದಲು, ಸಹಾಯ ಆಮೇಲೆ ಎಂಬ ಮಾತು ಕೇಳಿಬರುತ್ತದೆ. ವಿದ್ಯಾರ್ಥಿವೇತನಕ್ಕೆ ನಿಯಮವಿರಲಿ, ಸಭಾಭವನದ ಬಾಡಿಗೆಯಲ್ಲಿ ಸದಸ್ಯರಿಗೆ ರಿಯಾಯಿತಿಯಿರಲಿ. ಅಲ್ಲಿ ಕಟ್ಟಿದವರಿಗೂ ಕಟ್ಟದವರಿಗೂ ವ್ಯತ್ಯಾಸ ಇರುವುದೇ ಸರಿ. ಆದರೆ ನಡುರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕುಟುಂಬ ಕರೆ ಮಾಡಿದಾಗ ಚಂದಾ ಪಟ್ಟಿಯನ್ನು ಮಾರನೆಯ ದಿನ ತೆರೆದರೆ ಸಾಕು. ತೆರೆಯುವುದನ್ನು ಮರೆಯಬೇಕಾಗಿಲ್ಲ. ನೆರವು ಪಡೆದವರು ಚೇತರಿಸಿಕೊಂಡ ಮೇಲೆ ತಮ್ಮ ಪಾಲನ್ನು ಕೊಡುವುದೂ ಶ್ರಾವಕ ಧರ್ಮವೇ. ಇಲ್ಲದಿದ್ದರೆ ನಾಳೆ ಕರೆ ಮಾಡುವವರಿಗೆ ನಿಧಿಯೇ ಇರುವುದಿಲ್ಲ.

ಕಟ್ಟುವವರು ಹೊತ್ತಿಗೆ ಸರಿಯಾಗಿ ಕಟ್ಟಲಿ. ಕಾಯುವವರು ಕಟ್ಟದವರನ್ನೂ ಕಾಯಲಿ. ಬಾಕಿಯನ್ನು ಬೆಂಕಿ ಆರಿದ ಮೇಲೆ ಕೇಳಲಿ.

ಜೈ ಜಿನೇಂದ್ರ.