ಪುಟ್ಟ ರಿಯಾಕ್ಟರ್, ಪುಟ್ಟ ಗ್ರಿಡ್: ಎಪ್ಪತ್ತು ವರ್ಷಗಳ ಲೆಕ್ಕ



ಒಂದು ಊರಿಗೋ ಕಾರ್ಖಾನೆಗೋ ಬೇಕಾದಷ್ಟು ಕರೆಂಟನ್ನು ಅಲ್ಲೇ ತಯಾರಿಸಿ ಅಲ್ಲೇ ಹಂಚುವ ವ್ಯವಸ್ಥೆಗೆ ಮೈಕ್ರೋಗ್ರಿಡ್ ಎನ್ನುತ್ತಾರೆ. ಅದಕ್ಕೆ ಸಣ್ಣ ಅಣು ರಿಯಾಕ್ಟರ್ ಜೋಡಿಸುವ ಮಾತು ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಕೇಳಿದರೆ ಹೊಚ್ಚ ಹೊಸ ವಿಚಾರ ಅನ್ನಿಸುತ್ತದೆ. ಆದರೆ ಈ ಪ್ರಯೋಗ ಶುರುವಾಗಿ ಏಳು ದಶಕಗಳಾದವು.

1954ರಲ್ಲಿ ಅಮೆರಿಕದ ಸೇನೆ ಇದಕ್ಕೆಂದೇ ಒಂದು ಕಾರ್ಯಕ್ರಮ ಕೈಗೆತ್ತಿಕೊಂಡಿತು. ಹಿಮಪ್ರದೇಶದ ಠಾಣೆಗಳಿಗೆ ಡೀಸೆಲ್ ಸಾಗಿಸುವ ಖರ್ಚು ಡೀಸೆಲ್‌ನ ಬೆಲೆಯನ್ನೂ ಮೀರಿಸುತ್ತಿತ್ತು. ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ 1957ರಲ್ಲಿ ಸುಮಾರು 2 ಮೆಗಾವಾಟ್‌ನ ಎಸ್‌ಎಂ-1 ರಿಯಾಕ್ಟರ್ ಚಾಲೂ ಆಯಿತು. ಮುಂದಿನ ರಿಯಾಕ್ಟರುಗಳನ್ನು ನಡೆಸಬೇಕಾದವರಿಗೆ ತರಬೇತಿ ಸಿಕ್ಕಿದ್ದು ಅಲ್ಲೇ.

1960ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಡಿ ಕ್ಯಾಂಪ್ ಸೆಂಚುರಿ ಎಂಬ ನೆಲೆ ಎದ್ದಿತು. ಹಿಮದಲ್ಲಿ ಉದ್ದುದ್ದ ಕಂದಕ ತೋಡಿ, ಮೇಲೆ ಕಮಾನಿನ ತಗಡು ಹೊದಿಸಿ, ಒಳಗೆ ಅಡುಗೆಮನೆ, ಆಸ್ಪತ್ರೆ, ಗ್ರಂಥಾಲಯ ಎಲ್ಲವನ್ನೂ ಕಟ್ಟಿದ್ದರು. ರಿಯಾಕ್ಟರನ್ನು ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು, ಮಂಜಿನ ಮೇಲೆ ಜಾರುಬಂಡಿಗಳಲ್ಲಿ ಎಳೆದೊಯ್ದು, ಸ್ಥಳದಲ್ಲೇ ಜೋಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಚಾಲೂ ಆಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚಲೇಬೇಕಾದ ಕೆಲಸ. ಆದರೆ ಅಂದುಕೊಂಡದ್ದಕ್ಕಿಂತ ಬೇಗ ಹಿಮ ಸರಿಯತೊಡಗಿತು. ಸುರಂಗಗಳ ಗೋಡೆಗಳು ಒಳಕ್ಕೆ ಉಬ್ಬುತ್ತಿದ್ದವು. ಅವನ್ನು ಹೆರೆಯುತ್ತಲೇ ಇರಬೇಕಾಯಿತು. ಮೂರು ವರ್ಷ ತುಂಬುವ ಮೊದಲೇ ರಿಯಾಕ್ಟರ್ ನಿಂತಿತು. 1964ರಲ್ಲಿ ಅದನ್ನು ಬಿಚ್ಚಿ ಒಯ್ದರೂ, ಹಿಮಕ್ಕೆ ಸುರಿದಿದ್ದ ಸ್ವಲ್ಪ ವಿಕಿರಣವಿದ್ದ, ರಿಯಾಕ್ಟರನ್ನು ತಂಪಾಗಿಸುವ ನೀರು ಅಲ್ಲೇ ಉಳಿಯಿತು.  

ಅಂಟಾರ್ಕ್ಟಿಕದ ಮೆಕ್‌ಮರ್ಡೋ ನೆಲೆಯಲ್ಲಿ ಪಿಎಂ-3ಎ ರಿಯಾಕ್ಟರ್ 1962ರಲ್ಲಿ ಶುರುವಾಯಿತು. ಕರೆಂಟು ಕೊಟ್ಟಿತು, ಸಮುದ್ರದ ನೀರನ್ನು ಸಿಹಿಯಾಗಿಸಲೂ ನೆರವಾಯಿತು. ಹತ್ತು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ದೋಷಗಳು ದಾಖಲಾದವು. ರಿಯಾಕ್ಟರ್ ನಿಂತಾಗಲೆಲ್ಲ ಡೀಸೆಲ್ ಜನರೇಟರುಗಳೇ ಗತಿ. 1972ರಲ್ಲಿ ಲೋಹದಲ್ಲಿ ಬಿರುಕಿರಬಹುದೆಂಬ ಶಂಕೆ ಬಂದು ಅದನ್ನು ಮುಚ್ಚಿದರು. ಅಂಟಾರ್ಕ್ಟಿಕ ಒಪ್ಪಂದದ ಪ್ರಕಾರ ಅಲ್ಲಿ ವಿಕಿರಣ ತ್ಯಾಜ್ಯ ಹೂಳುವಂತಿಲ್ಲ. ಹಾಗಾಗಿ ರಿಯಾಕ್ಟರಿನ ಜೊತೆಗೆ ಅದರ ಸುತ್ತಲಿನ ಸಾವಿರಾರು ಟನ್ ಕಲ್ಲುಮಣ್ಣನ್ನೂ ಅಗೆದು ಹಡಗಿನಲ್ಲಿ ಅಮೆರಿಕಕ್ಕೆ ಹೊರಬೇಕಾಯಿತು. ಇದಕ್ಕೂ ಮೊದಲು, 1961ರ ಜನವರಿ 3ರಂದು, ಐಡಾಹೋದಲ್ಲಿದ್ದ ಇದೇ ಕಾರ್ಯಕ್ರಮದ ಎಸ್‌ಎಲ್-1 ರಿಯಾಕ್ಟರಿನಲ್ಲಿ ನಿಯಂತ್ರಣ ಸರಳೊಂದನ್ನು ಕೈಯಿಂದ ಮಿತಿಮೀರಿ ಎತ್ತಿದ್ದರಿಂದ ಮೂವರು ಸತ್ತಿದ್ದರು. 1977ರ ಹೊತ್ತಿಗೆ ಸೇನೆಯ ಕಾರ್ಯಕ್ರಮವೇ ಮುಗಿಯಿತು.

ರಷ್ಯನ್ನರು ಮಾತ್ರ ಈ ದಾರಿ ಬಿಡಲಿಲ್ಲ. ಚುಕೋಟ್ಕಾದ ಬಿಲಿಬಿನೋದಲ್ಲಿ 1974ರಿಂದ 12 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು ಊರಿಗೆ ವಿದ್ಯುತ್ತನ್ನೂ ಮನೆ ಬೆಚ್ಚಗಿಡುವ ಶಾಖವನ್ನೂ ಕೊಟ್ಟವು. 2020ರಿಂದ ಪೆವೆಕ್ ಬಂದರಿನಲ್ಲಿ ತೇಲುವ ಸ್ಥಾವರವೊಂದು ಆ ಕೆಲಸ ಮಾಡುತ್ತಿದೆ. ಅದರ ಹಿಂದೆ ಸರ್ಕಾರದ ಬೊಕ್ಕಸವಿದೆ ಎಂಬುದನ್ನು ಮರೆಯಬಾರದು. ಇತ್ತ ಅಮೆರಿಕದ ಕಡೆ, ಅಲಾಸ್ಕಾದ ಗಲೀನಾ ಎಂಬ ಪುಟ್ಟ ಊರಿಗೆ ತೊಷಿಬಾ ಕಂಪನಿ 10 ಮೆಗಾವಾಟಿನ ಸೋಡಿಯಂ ರಿಯಾಕ್ಟರ್ ಕೊಡುವ ಮಾತಾಡಿತ್ತು. ಅದು ಏಳಲೇ ಇಲ್ಲ. ಅಮೆರಿಕದಲ್ಲೇ ನ್ಯೂಸ್ಕೇಲ್ ಕಂಪನಿಯ ಸಣ್ಣ ರಿಯಾಕ್ಟರುಗಳ ಯೋಜನೆಯಲ್ಲಿ ವಿದ್ಯುತ್ ದರದ ಅಂದಾಜು ಮೆಗಾವಾಟ್‌ಗಂಟೆಗೆ 58 ಡಾಲರಿನಿಂದ 89ಕ್ಕೆ ಏರಿತು. 2023ರ ನವೆಂಬರಿನಲ್ಲಿ ಯೋಜನೆ ರದ್ದಾಯಿತು.

ಇನ್ನು ರಿಯಾಕ್ಟರ್ ಇಲ್ಲದೆ ತನ್ನ ಕರೆಂಟನ್ನು ತಾನೇ ತಯಾರಿಸಿಕೊಂಡ ನಮ್ಮ ಕಡೆಯ ಒಂದು ಊರಿನ ಮಾತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು, ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಅಡುಗೆಗೆ ಅನಿಲ ಕೊಡಲು ಹೊರಟರು, ಅದು ಸಾಲಲಿಲ್ಲ. ಊರವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಆ ಅನಿಲದಲ್ಲೇ ಎಂಜಿನ್ ಓಡಿಸಿ, ನೀರೆತ್ತಿ ನಲ್ಲಿಗಳಿಗೆ ಬಿಟ್ಟು, ಮನೆಗಳಿಗೆ ಟ್ಯೂಬ್‌ಲೈಟ್ ಕೊಟ್ಟರು. ಬೆಳಿಗ್ಗೆ ಹೆಂಗಸರು, ಮಕ್ಕಳು ಸಗಣಿ ತಂದು ತೂಗಿಸಿ ಕೊಡುತ್ತಿದ್ದರು. ಅವರವರ ಪಾಲಿನ ಬಗ್ಗಡ ಗೊಬ್ಬರವಾಗಿ ವಾಪಸ್ ಬರುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವರು ಊರಿನ ಹುಡುಗರೇ. ಮೆಕ್‌ಮರ್ಡೋಗೆ ಇಂಧನ, ರಿಪೇರಿಗೆ ಜನ ಎಲ್ಲವೂ ಸಮುದ್ರ ದಾಟಿ ಬರಬೇಕಿತ್ತು, ಕಸವೂ ಸಮುದ್ರ ದಾಟಿ ಹೋಗಬೇಕಿತ್ತು. ಪುರದ ಕೆಲವು ಕಿಲೋವಾಟ್‌ಗಳನ್ನು ರಿಯಾಕ್ಟರಿಗೆ ಸಾಟಿ ಎಂದು ನಾನು ಹೇಳುವುದಿಲ್ಲ. ಸ್ಥಳೀಯ ವಿದ್ಯುತ್ತಿನ ನೀತಿ ಬರೆಯುವವರು ಈ ಎರಡೂ ಕಡೆಯ ಲೆಕ್ಕವನ್ನು ಮುಂದಿಟ್ಟುಕೊಳ್ಳಬೇಕು ಎನ್ನುತ್ತೇನೆ.

ಏಕೆಂದರೆ ಈಗ ಆ ನೀತಿ ಬರೆಯುತ್ತಿರುವವರು ನಾವು. 2025ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ರಿಯಾಕ್ಟರುಗಳಿಗೆ 20,000 ಕೋಟಿ ರೂಪಾಯಿ ಘೋಷಣೆಯಾಯಿತು. 2033ರೊಳಗೆ ಐದನ್ನಾದರೂ ನಡೆಸುವುದು ಗುರಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಣುಶಕ್ತಿ ಕುರಿತ ‘ಶಾಂತಿ’ ಮಸೂದೆಗೆ ಒಪ್ಪಿಗೆ ಕೊಟ್ಟು ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರ ತೆರೆಯಿತು. ವಿನ್ಯಾಸದಲ್ಲಿರುವವುಗಳಲ್ಲಿ 55 ಮೆಗಾವಾಟಿನ ರಿಯಾಕ್ಟರೂ ಒಂದು. ಕಲ್ಲಿದ್ದಲು ಬಿಡಲೇಬೇಕಾದ ಕಾರ್ಖಾನೆಗಳಿಗೆ, ದೂರದ ಊರುಗಳಿಗೆ ಇದರಿಂದ ಉಪಯೋಗವಾಗಲಿ ಎಂದೇ ನನ್ನ ಆಸೆ.

ಆದರೆ ಸ್ಥಾವರ ಮುಚ್ಚುವ ದಿನದ ಖರ್ಚನ್ನು ಈಗಲೇ ಎತ್ತಿಡಬೇಕು. ನಮ್ಮಲ್ಲಿ ಅದಕ್ಕೆಂದು ಅಣು ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ 2 ಪೈಸೆ ಹಿಡಿಯುವ ಪದ್ಧತಿ ಇದೆ. 55 ಮೆಗಾವಾಟಿನ ರಿಯಾಕ್ಟರ್ ವರ್ಷದಲ್ಲಿ ಶೇಕಡಾ 80ರಷ್ಟು ಸಾಮರ್ಥ್ಯದಲ್ಲಿ ಓಡಿದರೂ ಆ ದರದಲ್ಲಿ ಕೂಡುವುದು ಸುಮಾರು 77 ಲಕ್ಷ ರೂಪಾಯಿ. ಬಡ್ಡಿ ಬಿಟ್ಟರೆ ಮೂವತ್ತು ವರ್ಷಕ್ಕೆ 23 ಕೋಟಿ. ಆಗಲೇ ಹೇಳಿದ ಫೋರ್ಟ್ ಬೆಲ್ವಾರ್‌ನ ರಿಯಾಕ್ಟರ್ 1973ರಲ್ಲೇ ನಿಂತಿತ್ತು. ಬರೀ 2 ಮೆಗಾವಾಟಿನ ಅದನ್ನು ಬಿಚ್ಚಿ ತೆಗೆಯಲು 2020ರಲ್ಲಿ ಕೊಟ್ಟ ಗುತ್ತಿಗೆಯ ಮೊತ್ತ ಸುಮಾರು 6.8 ಕೋಟಿ ಡಾಲರ್. ರೂಪಾಯಿ ಲೆಕ್ಕದಲ್ಲಿ ಐನೂರು ಕೋಟಿಯ ಆಸುಪಾಸು. ನಮ್ಮಲ್ಲಿ ಕೂಲಿ ಅಗ್ಗ ಎಂದುಕೊಂಡರೂ ಈ ಅಂತರ ತುಂಬುವುದಿಲ್ಲ. ಹೊಸ ಕಾಯ್ದೆಯ ನಿಯಮಗಳು ರೂಪುಗೊಳ್ಳುವಾಗ ಸಣ್ಣ ರಿಯಾಕ್ಟರುಗಳಿಗೆ ಈ 2 ಪೈಸೆಯ ದರವನ್ನು ಮೊದಲು ಪರಿಷ್ಕರಿಸಬೇಕು.