ಆಪರೇಷನ್ನಿನ ದುಡ್ಡು ತವರಿನಿಂದ ಏಕೆ?



ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸೊಸೆಗೆ ಗರ್ಭಕೋಶದ ಆಪರೇಷನ್ ಎಂದಾಗ ನಾನು ಕೇಳಿರುವ ಮಾತು, "ತವರಿನಿಂದ ದುಡ್ಡು ತರಲಿ." ಇದೂ ವರದಕ್ಷಿಣೆಯೇ. ಮಗ್ಗದ ಮನೆಯಲ್ಲಿ ಅವಳು ದುಡಿದದ್ದು ಎಲ್ಲಿ ಹೋಯಿತು?

2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ; ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಿರಿ. ತುರ್ತಲ್ಲದಿದ್ದರೆ ಚೀಟಿಯಿಲ್ಲದೆ ಖಾಸಗಿಯಲ್ಲಿ ಕಾರ್ಡು ನಡೆಯದು. ಆ ಕಾರ್ಡು ನಿಮ್ಮ ಟ್ರಂಕಿನಲ್ಲೇ ಇರಲಿ.

ಹಾಗೆಂದು, ಖರ್ಚಿಲ್ಲವಲ್ಲ ಎಂದು ಗರ್ಭಕೋಶ ತೆಗೆಸಿಬಿಡಬೇಡಿ. ಬಿಳಿಸೆರಗು, ಹೆಚ್ಚು ಸ್ರಾವ ಎಷ್ಟೋ ಸಲ ಔಷಧಿಯಲ್ಲೇ ಹತೋಟಿಗೆ ಬರುತ್ತವೆ. ಬೇಡದ ಆಪರೇಷನ್ ತಡೆಯಿರೆಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಪರೀಕ್ಷೆ ಮಾಡಿಸಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಹೋಗುವಾಗ ಸಂಘದವರೊಬ್ಬರು ಜೊತೆಗಿರಲಿ.